ಮಗು ನೋಡಿಕೊಳ್ಳೋಕೆ ಏನು ಮಹಾ ಬರಬೇಕು?

ಅಡುಗೆಯವರನ್ನು ಗೊತ್ತು ಮಾಡುವಾಗ ಕೈರುಚಿ ಹೇಗೆ ಎಂದು ನಾಲ್ಕು ಕಡೆ ವಿಚಾರಿಸುತ್ತೇವೆ. ಡ್ರೈವರ್ ಬಂದರೆ ಲೈಸೆನ್ಸ್ ಇದೆಯೇ ಎಂದು ಕೇಳುತ್ತೇವೆ. ಎರಡು ವರ್ಷದ ಹತ್ತು ಮಕ್ಕಳನ್ನು ಬೆಳಗ್ಗೆಯಿಂದ ಸಂಜೆಯವರೆಗೆ ಸಂಭಾಳಿಸುವವಳಿಗೆ ಮಾತ್ರ ನಮ್ಮದು ಒಂದೇ ಪ್ರಶ್ನೆ: "ನಿಮಗೂ ಮಕ್ಕಳಿದಾವಲ್ಲಮ್ಮ?" ಇದಾವೆ ಎಂದರೆ ಮುಗಿಯಿತು, ಕೆಲಸ ಬರುತ್ತದೆ ಎಂದೇ ಲೆಕ್ಕ. ಅಂಗನವಾಡಿ, ಡೇ ಕೇರ್, ಪ್ಲೇ ಹೋಮ್, ಗ್ರಾಮ ಪಂಚಾಯಿತಿಯ ಕೂಸಿನ ಮನೆ, ಬೋರ್ಡಿನ ಮೇಲೆ ಯಾವ ಹೆಸರೇ ಇರಲಿ, ಅಲ್ಲಿ ದುಡಿಯುವವರ ಬಗ್ಗೆ ಹಬ್ಬಿರುವ ತಪ್ಪು ಕಲ್ಪನೆಗಳೆಲ್ಲ ಈ ಒಂದು ಪ್ರಶ್ನೆಯಿಂದಲೇ ಕವಲೊಡೆದಿವೆ.

"ಹೆತ್ತು ಹೊತ್ತವರಿಗೆ ತರಬೇತಿ ಯಾಕೆ?"

ಹುರಿದ ಕಡಲೆಕಾಯಿ ಬೀಜವೊಂದು ಮಗುವಿನ ಗಂಟಲಲ್ಲಿ ಸಿಕ್ಕಿತು ಎನ್ನಿ. ಸಾಮಾನ್ಯವಾಗಿ ನಾವೇನು ಮಾಡುತ್ತೇವೆ? ಬಾಯಿಗೆ ಬೆರಳು ಹಾಕಿ ತಡಕುತ್ತೇವೆ, ನೀರು ಕುಡಿಸುತ್ತೇವೆ, ಕಾಲು ಹಿಡಿದು ತಲೆಕೆಳಗು ಮಾಡುತ್ತೇವೆ. ಮೂರೂ ಅಪಾಯ. ಕಾಣದ ವಸ್ತುವನ್ನು ಬೆರಳಿನಿಂದ ತಡಕಿದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು, ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕೆಮ್ಮೂ ಇಲ್ಲ, ಅಳುವೂ ಹೊರಡುತ್ತಿಲ್ಲ ಎಂದಾಗ ಒಂದು ಕ್ಷಣವೂ ತಡಮಾಡುವಂತಿಲ್ಲ. ಒಂದು ವರ್ಷದೊಳಗಿನ ಕೂಸಾದರೆ ತಲೆ ತುಸು ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು, ಎರಡು ಭುಜಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತುವುದು. ವಸ್ತು ಹೊರಬರುವವರೆಗೂ ಇದನ್ನೇ ಮತ್ತೆ ಮತ್ತೆ ಮಾಡುತ್ತಿರಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ವರ್ಷ ದಾಟಿದ ಮಕ್ಕಳಿಗೆ ಎದೆಯ ಬದಲು ಹೊಕ್ಕುಳಿಂದ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ ಒತ್ತುವ ಕ್ರಮ ಬೇರೆಯೇ ಇದೆ. ಬರೀ ಓದಿ ತಿಳಿದುಕೊಂಡರೆ ಇದು ಆ ಗಳಿಗೆಯಲ್ಲಿ ಕೈಗೆ ಬರುವುದಿಲ್ಲ. ಗೊಂಬೆಯ ಮೇಲೆ ಮಾಡಿ ಮಾಡಿ ರೂಢಿಸಿಕೊಳ್ಳಬೇಕು, ಮರೆಯುವ ಮೊದಲು ಮತ್ತೆ ಮಾಡಬೇಕು.

ಜ್ವರ ಏರಿ ಫಿಟ್ಸ್ ಬಂದಾಗಲೂ ಹೀಗೆಯೇ. ಕೈಗೆ ಬೀಗದ ಕೀ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ. ಮಾಡಬೇಕಾದದ್ದು ಬಹಳ ಕಡಿಮೆ: ಮಗುವನ್ನು ಒಂದು ಮಗ್ಗುಲಿಗೆ ಮಲಗಿಸುವುದು, ಬಿಗಿ ಬಟ್ಟೆ ಸಡಿಲಿಸುವುದು, ಬಾಯಿಗೆ ಏನನ್ನೂ ಹಾಕದಿರುವುದು, ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸಬೇಕು. ಮೊದಲ ಸಲ ಬಂದದ್ದಾದರೆ ಬೇಗ ನಿಂತರೂ ಡಾಕ್ಟರಿಗೆ ತೋರಿಸಲೇಬೇಕು. ಸುಮ್ಮನೆ ಪಕ್ಕದಲ್ಲಿ ಕೂತು ನಿಮಿಷ ಎಣಿಸುವ ಧೈರ್ಯ ಬರೀ ತಾಯ್ತನದಿಂದ ಬರುವುದಿಲ್ಲ. ಸ್ವಂತ ಮಗುವಾದರಂತೂ ಕೈ ಇನ್ನಷ್ಟು ನಡುಗುತ್ತದೆ.

"ಅಂಗನವಾಡಿ ಅಂದ್ರೆ ಉಪ್ಪಿಟ್ಟು ಹಂಚೋ ಜಾಗ, ಅದೂ ಬಡವರಿಗೆ"

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಆ 33ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದು. ಅಂದಿನಿಂದಲೂ ಕಾಗದದ ಮೇಲೆ ಅಂಗನವಾಡಿಯ ಕೆಲಸಗಳು ಆರು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತೊಂದರೆ ಇರುವ ಮಕ್ಕಳನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ ಆರೋಗ್ಯದ ತಿಳಿವಳಿಕೆ. ಉಪ್ಪಿಟ್ಟು ಕಣ್ಣಿಗೆ ಕಾಣುತ್ತದೆ, ಉಳಿದ ಐದು ಕಾಣುವುದಿಲ್ಲ.

ಬಡವರಿಗೆ ಮಾತ್ರ ಎಂಬುದಂತೂ ಶುದ್ಧ ತಪ್ಪು. ಬಿಪಿಎಲ್ ಕಾರ್ಡನ್ನು ಅಂಗನವಾಡಿ ಸೌಲಭ್ಯಕ್ಕೆ ಅರ್ಹತೆಯ ಮಾನದಂಡ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆರು ವರ್ಷದೊಳಗಿನ ಯಾವ ಮಗುವೂ ಬರಬಹುದು. ರಾಯಚೂರಿನಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಮಗುವಿಗೆ ಬೆಂಗಳೂರಿನ ಅಂಗನವಾಡಿಯಲ್ಲೇ ಹೆಸರು ಬರೆಸಲು ಹಕ್ಕಿದೆ. ಇದೇ ಊರಿನವರಾಗಿರಬೇಕು ಎಂದು ಯಾರಾದರೂ ವಾಪಸ್ ಕಳಿಸಿದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಹೋಗಿ ಕೇಳಬಹುದು.

"ಆಡಿಸಿ ಕಳಿಸ್ತಾರೆ, ಒಂದಕ್ಷರ ಬರೆಸಲ್ಲ"

ಅಂಗನವಾಡಿ ಬಿಡಿಸಿ ಮೂರೂವರೆ ವರ್ಷದ ಮಗುವನ್ನು ಕಾನ್ವೆಂಟಿಗೆ ಹಾಕುವವರೆಲ್ಲ ಕೊಡುವ ಕಾರಣ ಇದು. ಪಕ್ಕದ ಮನೆಯ ಹುಡುಗ ನಾಲ್ಕು ಗೆರೆ ಪುಸ್ತಕದಲ್ಲಿ ಕರ್ಸಿವ್ ಬರೆಯುತ್ತಾನೆ, ನಮ್ಮದು ಇನ್ನೂ ಮಣ್ಣಲ್ಲಿ ಆಡುತ್ತಿದೆ ಎಂಬ ಸಂಕಟ.

2022ರ ಅಕ್ಟೋಬರ್‌ನಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕವೇ ಬೇಡ ಎನ್ನುತ್ತದೆ. ಇದು ಮಕ್ಕಳ ಮೇಲಿನ ಕನಿಕರದಿಂದ ಹುಟ್ಟಿದ ಮಾತಲ್ಲ. ಪೆನ್ಸಿಲ್ ಹಿಡಿಯಬೇಕಾದ ಹೆಬ್ಬೆರಳು, ತೋರುಬೆರಳುಗಳ ಹಿಡಿತ ಬರುವುದು ಜೇಡಿಮಣ್ಣು ಕಲಸಿ, ಹುಣಸೆ ಬೀಜ ಹೆಕ್ಕಿ ಹೆಕ್ಕಿ ಬಟ್ಟಲಿಗೆ ಹಾಕಿ, ಮಣಿ ಪೋಣಿಸಿ, ಕಾಗದ ಹರಿದು. (ಬೀಜ, ಮಣಿಗಳ ಆಟದಲ್ಲಿ ದೊಡ್ಡವರೊಬ್ಬರ ಕಣ್ಣು ಸದಾ ಅಲ್ಲೇ ಇರಬೇಕು. ಮೂರು ವರ್ಷದೊಳಗಿನವರ ಕೈಗೆ ಅವನ್ನು ಕೊಡಲೇಬಾರದು.) ಗುಂಪು ಮಾಡುವುದು, ಸಾಲಾಗಿ ಜೋಡಿಸುವುದು, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಹೇಳುವುದು, ಇವೆಲ್ಲ ಗಣಿತವೇ. ಒಂದರಿಂದ ನೂರು ಒಪ್ಪಿಸುವುದು ಗಣಿತವಲ್ಲ. ಹಾಗೆ ಒಪ್ಪಿಸುವ ಮಗುವಿನ ಮುಂದೆ ಏಳು ಗೋಲಿ ಇಟ್ಟು ಐದು ಕೊಡು ಎಂದು ಕೇಳಿ ನೋಡಿ.

ಓದಿನ ವಿಷಯದಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುವುದಿಲ್ಲ. ಕ-ಮ-ಲ ಎಂದು ಮೂರು ಚಪ್ಪಾಳೆ ತಟ್ಟಿದರೆ ಬರೆಯುವುದೂ ಮೂರೇ ಅಕ್ಷರ. ಕಿವಿಗೆ ಬೀಳುವ ತುಣುಕಿಗೂ ಕಣ್ಣಿಗೆ ಕಾಣುವ ಅಕ್ಷರಕ್ಕೂ ಇಷ್ಟು ಹತ್ತಿರದ ನಂಟಿರುವಾಗ, ಮೊದಲು ಪಳಗಬೇಕಾದದ್ದು ಕಿವಿ. ಶಿಶುಗೀತೆ, ಪ್ರಾಸ, "ಮ ಇಂದ ಶುರುವಾಗೋ ಹೆಸರು ಯಾವುದು" ಎಂಬ ಆಟ, ಎಲ್ಲವೂ ಓದಿನ ತಯಾರಿ. ಟೀಚರ್ ಚಪ್ಪಾಳೆ ತಟ್ಟಿಸುತ್ತಿದ್ದಾಗ ಕಿಟಕಿಯಿಂದ ನೋಡಿದವರಿಗೆ ಅದು ಕಾಲಹರಣದಂತೆ ಕಂಡರೆ ತಪ್ಪು ಟೀಚರದ್ದಲ್ಲ. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವ ಮಗು ಕನ್ನಡದ ಜೊತೆ ಅದನ್ನೂ ಆಡಿದರೆ ಮಾತು ತಡವಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ಎರಡು ಭಾಷೆಗಳ ನಡುವೆ ಬೆಳೆದ ಮಗು ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುತ್ತದೆ, ಅಷ್ಟೇ. ಗೊಂದಲವಾಗಿದೆ ಎಂದು ಅದರ ಅರ್ಥವಲ್ಲ.

ಆದರೆ ಆಟವೇ ಪಾಠವಾಗಬೇಕಾದರೆ ಆಡಿಸುವವರಿಗೆ ಯೋಜನೆ ಇರಬೇಕು. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಲ್ಲಿ ಶುರುವಾದ ಪೆರಿ ಪ್ರೀಸ್ಕೂಲ್ ಅಧ್ಯಯನ 123 ಬಡ ಮಕ್ಕಳನ್ನು ನಲವತ್ತನೇ ವಯಸ್ಸಿನವರೆಗೂ ಹಿಂಬಾಲಿಸಿತು. ಒಳ್ಳೆಯ ಶಾಲಾಪೂರ್ವ ಶಿಕ್ಷಣ ಸಿಕ್ಕವರು ಸಿಗದವರಿಗಿಂತ ಹೆಚ್ಚು ಓದಿದ್ದರು, ಹೆಚ್ಚು ದುಡಿಯುತ್ತಿದ್ದರು, ಜೈಲಿನ ಮೆಟ್ಟಿಲು ಹತ್ತಿದ್ದು ಕಡಿಮೆ. ಈ ಫಲಿತಾಂಶವನ್ನು ಎಲ್ಲರೂ ಹೇಳುತ್ತಾರೆ, ಅಲ್ಲಿನ ಶಿಕ್ಷಕರು ಪೂರ್ಣ ತರಬೇತಿ ಪಡೆದವರಾಗಿದ್ದರು ಎಂಬುದನ್ನು ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ "ಪೋಷಣ್ ಭೀ ಪಢಾಯಿ ಭೀ" ಎಂಬ ಹೆಸರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ಆರಂಭಿಸಿತು. ದಿನಕ್ಕೆ ಎರಡು ಗಂಟೆಯಾದರೂ ಕಲಿಕೆಗೇ ಮೀಸಲಿಡಬೇಕು ಎಂಬುದು ಅದರ ಆಶಯ. ಮೂರರಿಂದ ಆರು ವರ್ಷದವರಿಗೆ "ಆಧಾರಶಿಲಾ", ಹುಟ್ಟಿನಿಂದ ಮೂರರವರೆಗೆ "ನವಚೇತನ" ಎಂಬ ಮಾರ್ಗದರ್ಶಿಗಳೂ 2024ರಲ್ಲಿ ಬಂದಿವೆ. ಅಡುಗೆ, ರಿಜಿಸ್ಟರು, ಪೋಷಣ್ ಟ್ರ್ಯಾಕರ್ ಆ್ಯಪಿನ ನಡುವೆ ಆ ಎರಡು ಗಂಟೆ ನಿಜಕ್ಕೂ ಸಿಗುತ್ತದೆಯೇ ಎಂಬುದು ಟೀಚರುಗಳು ಪ್ರತಿ ಸಭೆಯಲ್ಲೂ ಕೇಳುವ ಪ್ರಶ್ನೆ. ಕೇಳುವುದು ನ್ಯಾಯವೂ ಹೌದು.

ಇನ್ನು "ಮಾಂಟೆಸ್ಸರಿ" ಬೋರ್ಡು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಕೊಳೆಗೇರಿಯ ಮಕ್ಕಳಿಗಾಗಿ ಶುರು ಮಾಡಿದ ಪದ್ಧತಿಯ ಹೆಸರು ಅದು. ಅದರ ಮೇಲೆ ಯಾರ ಹಕ್ಕೂ ಇಲ್ಲ, ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಮೂರು ವರ್ಷದ ಮಕ್ಕಳನ್ನು ಸಾಲಾಗಿ ಬೆಂಚಿನ ಮೇಲೆ ಕೂರಿಸಿ ಹೋಂವರ್ಕ್ ಕೊಡುವ ಜಾಗದಲ್ಲಿ ಆ ಹೆಸರು ಬರೀ ಬಣ್ಣ.

"ಅಪ್ಪ ಅಮ್ಮ ಕುಳ್ಳ, ಮಗುವೂ ಕುಳ್ಳ"

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ, ಎತ್ತರ ನೋಡಲು ಕರೆದರೆ ತಾಯಂದಿರು ಬೇಸರಪಡುವುದುಂಟು. ನೋಡಲು ದುಂಡಗಿದೆ, ಚುರುಕಾಗಿದೆ, ಇನ್ನೇನು? ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಬೆಳವಣಿಗೆಯ ಪಟ್ಟಿ ರೂಪಿಸುವ ಮೊದಲು ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ನಮ್ಮ ದೆಹಲಿಯ ಮಕ್ಕಳನ್ನು ಅಳೆಯಿತು. ಎದೆಹಾಲು, ಆಹಾರ, ಆರೈಕೆ ಸರಿಯಾಗಿ ಸಿಕ್ಕರೆ ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ಸಮ ಎತ್ತರವಾಗುತ್ತಾರೆ ಎಂದು ಅದರಿಂದ ಗೊತ್ತಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಅಷ್ಟೂ ಮಕ್ಕಳ ಅಪ್ಪ ಅಮ್ಮನ ತಲೆಗೆ ಇದನ್ನು ಕಟ್ಟುವಂತಿಲ್ಲ.

ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆಗೆ ಸುತ್ತುವ ಬಣ್ಣದ ಪಟ್ಟಿಯಲ್ಲಿ ಅಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗು ಆ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಅಜ್ಜಿ ಹೇಳಿದ್ದು

ಇಲ್ಲಿ ಬೇಗ ಬೇಗ ಹೇಳಿಬಿಡುತ್ತೇನೆ. ಹಲ್ಲು ಬರುವಾಗ ಭೇದಿ ಆಗುವುದು ಹಲ್ಲಿನಿಂದಲ್ಲ. ಒಸಡು ನವೆಯಾಗಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದರಿಂದ ಹೊಟ್ಟೆ ಸೇರುವ ಕೊಳೆಯಿಂದ. ಭೇದಿಯಾದಾಗ ಹಾಲು, ಅನ್ನ ನಿಲ್ಲಿಸುವುದು ತಪ್ಪು. ಎದೆಹಾಲು, ಊಟ ಮುಂದುವರಿಸಿ, ಓಆರ್‌ಎಸ್ ಕುಡಿಸಿ, ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಸೇರಿಸಿ ಹದಿನಾಲ್ಕು ದಿನ ಕೊಡಬೇಕು. ಬಜೆಯನ್ನು ಜೇನಿನಲ್ಲಿ ತೇದು ನಾಲಗೆಗೆ ಸವರಿದರೆ ಮಾತು ಬೇಗ ಬರುತ್ತದೆ ಎನ್ನುವವರು ಒಂದು ವರ್ಷದೊಳಗಿನ ಕೂಸಿಗೆ ಜೇನು ಸೋಕಿಸಲೇಬಾರದು ಎಂಬುದನ್ನು ತಿಳಿಯಬೇಕು, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಪ್ರಾಣಕ್ಕೇ ಕುತ್ತು. ಮಾತು ಬರುವುದು ಮಗುವಿನ ಮುಖ ನೋಡಿ ಮಾತಾಡಿದರೆ. ವಾಕರ್ ಕೊಟ್ಟರೆ ಮಗು ಬೇಗ ನಡೆಯುವುದಿಲ್ಲ, ಬೇಗ ಬೀಳುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ಮೊಬೈಲ್ ತೋರಿಸಿ ತುತ್ತು ತಿನ್ನಿಸುವ ವಿಷಯಕ್ಕೆ ಬಂದರೆ, ಎರಡು ವರ್ಷದವರೆಗೆ ಪರದೆಯೇ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳಿದೆ. ಡೇ ಕೇರಿನವರೂ ಟಿವಿ ಹಾಕಿ ಕೂರಿಸಿದರೆ ಅದಕ್ಕೆ ದುಡ್ಡು ಕೊಟ್ಟು ಕಳಿಸುವ ಅಗತ್ಯವಿಲ್ಲ.

"ಸರ್ಕಾರಿ ಕೆಲಸ, ಅವರಿಗೇನು?"

ಅಂಗನವಾಡಿ ಟೀಚರ್ ಸರ್ಕಾರಿ ನೌಕರರಲ್ಲ. ಕರ್ನಾಟಕ ರಾಜ್ಯ ಮತ್ತು ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಅವರದು ಸಿವಿಲ್ ಹುದ್ದೆಯಲ್ಲ ಎಂದಿತು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕೇಂದ್ರದ ಲೆಕ್ಕದಲ್ಲಿ 2018ರ ಅಕ್ಟೋಬರ್‌ನಿಂದ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ಎಂದು ನಿಗದಿಯಾಯಿತು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಈ ಗೌರವಧನವೂ ವೇತನವೇ, ಹಾಗಾಗಿ 1972ರ ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯಿಸುತ್ತದೆ ಎಂದು ತೀರ್ಪು ಕೊಟ್ಟಿತು. ಹದಿನಾರು ವರ್ಷದಲ್ಲಿ ಅಷ್ಟು ದೂರ ಬಂದಿದ್ದೇವೆ. ನಿಂತ ನಿಲುವಿನಲ್ಲಿ "ಅವರಿಗೇನು" ಎನ್ನುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

"ಐವತ್ತು ಹೆಂಗಸರಿದ್ದರೆ ಮಾತ್ರ ಕಂಪನಿಯಲ್ಲಿ ಶಿಶುಪಾಲನಾ ಕೇಂದ್ರ"

ಇದು ಎಚ್‌ಆರ್ ವಿಭಾಗಗಳಲ್ಲೂ ಕೇಳಿಬರುವ ಮಾತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿದ್ದು ಐವತ್ತು ಉದ್ಯೋಗಿಗಳು ಎಂದು, ಐವತ್ತು ಹೆಂಗಸರು ಎಂದಲ್ಲ. ಗಂಡಸರನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಲು ಬಿಡಬೇಕು ಎಂದೂ ಅದರಲ್ಲಿತ್ತು. ಹೆಂಗಸರ ತಲೆ ಎಣಿಸುತ್ತಿದ್ದದ್ದು 1948ರ ಕಾರ್ಖಾನೆ ಕಾಯ್ದೆ, ಅಲ್ಲಿ ಮಿತಿ ಮೂವತ್ತು. ಎರಡನ್ನೂ ಬೆರೆಸಿಕೊಂಡು ಈ ಮಾತು ಹುಟ್ಟಿರಬೇಕು. ಹಳ್ಳಿಗಳ ಕಡೆ, ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಘೋಷಿಸಿತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಜಾಬ್ ಕಾರ್ಡ್ ಇರುವ ಊರಿನ ಹೆಂಗಸರೇ, ತರಬೇತಿ ಪಡೆದ ಮೇಲೆ.

ನಗರದ ತಂದೆತಾಯಿಗಳಿಗೆ ಡೇ ಕೇರ್ ಆಯ್ಕೆಯಲ್ಲಿ ಮೊದಲು ಕಾಣುವುದು ಸಿಸಿಟಿವಿ. ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಮಗುವನ್ನು ನೋಡಬಹುದು ಎಂಬ ನೆಮ್ಮದಿ. ಕ್ಯಾಮೆರಾ ನಡೆದುಹೋದದ್ದನ್ನು ತೋರಿಸುತ್ತದೆ, ನಡೆಯದಂತೆ ತಡೆಯುವವರು ಕೋಣೆಯಲ್ಲಿರುವ ಮನುಷ್ಯರು. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು ಎಂದು ಲೆಕ್ಕ ಹಾಕಿತ್ತು. ಸೇರಿಸುವ ಮುನ್ನ ಈ ಲೆಕ್ಕ ಕೇಳಿ. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿಕೊಳ್ಳುವವರು ಎಷ್ಟು ಜನ ಇರುತ್ತಾರೆ ಎಂದು ಬೇರೆಯಾಗಿ ಕೇಳಿ. ಪ್ರಥಮ ಚಿಕಿತ್ಸೆಯ ತರಬೇತಿ ಯಾರಿಗೆ ಆಗಿದೆ, ಕೊನೆಯ ಬಾರಿ ಯಾವಾಗ, ಕಳೆದ ಒಂದು ವರ್ಷದಲ್ಲಿ ಎಷ್ಟು ಜನ ಆಯಾಗಳು ಕೆಲಸ ಬಿಟ್ಟಿದ್ದಾರೆ ಎಂದೂ ಕೇಳಿ. ಕೊನೆಯ ಪ್ರಶ್ನೆಗೆ ಮಾಲೀಕರು ತಡವರಿಸಿದರೆ ಆಯಾಗಳಿಗೆ ಕೊಡುವ ಸಂಬಳ ಎಷ್ಟು ಎಂಬುದನ್ನೂ ಕೇಳಬಹುದು.