ದಡದಿಂದಷ್ಟೇ ಕಂಡಿದ್ದ ನೇತ್ರಾಣಿ

ನನ್ನ ಕೆಲಸ ನ್ಹಾವಾ ಶೇವಾ ಬಂದರಿನ ಸರಕು ಸಾಗಣೆಯ ಕಾಗದಪತ್ರದ್ದು. ದಿನವಿಡೀ ಹಡಗುಗಳ ಹೆಸರು, ಕಂಟೇನರ್‌ಗಳ ನಂಬರು. ಆದರೆ ಕಡಲಿಗೆ ಇಳಿದವನಲ್ಲ. ಹುಟ್ಟಿದ್ದು ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿ ಎಂದರೆ ಬೇಲಾಪುರದ ಗೆಳೆಯರು, ‘ಹಾಗಾದರೆ ಈಜು ಚೆನ್ನಾಗಿ ಬರುತ್ತಿರಬೇಕು’ ಅನ್ನುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ.

ನನ್ನ ಸೋದರಮಾವ ಮೀನಿಗೆಂದು ಹೋದವನು ಮರಳಲಿಲ್ಲ. ನಾನಿನ್ನೂ ಹುಟ್ಟಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಕಡಲೆಂದರೆ ದಡದಲ್ಲಿ ನಿಂತು ಕೈಮುಗಿಯುವ ವಸ್ತು. ಮಳೆ ಬಿಟ್ಟ ಮೇಲೆ ಬಾನು ತಿಳಿಯಾದಾಗ ಪಶ್ಚಿಮಕ್ಕೆ ಒಂದು ನೀಲಿ ದಿಬ್ಬ ಕಾಣುತ್ತಿತ್ತು. ‘ಅದು ನೇತ್ರಾಣಿ ಗುಡ್ಡ’ ಎಂದು ಅಪ್ಪ ತೋರಿಸುತ್ತಿದ್ದರು. ಅಷ್ಟೇ, ಅದರಾಚೆ ಮಾತಿಲ್ಲ.

ಕಳೆದ ಡಿಸೆಂಬರ್ ರಜೆಯಲ್ಲಿ ಆ ಮಾತು ಮುಂದುವರಿಯಿತು. ಕಾರಣ ನನ್ನ ಹನ್ನೆರಡು ವರ್ಷದ ಮಗಳು. ನೆರೂಳಿನ ಈಜುಕೊಳದಲ್ಲಿ ಎರಡು ಬೇಸಿಗೆ ಕಲಿತವಳು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ನೇತ್ರಾಣಿಯ ನೀರಿನಡಿಯ ದೃಶ್ಯ ನೋಡಿ, ‘ಪಪ್ಪಾ, ಇದು ಅಜ್ಜಿ ಮನೆ ಹತ್ತಿರ ಅಲ್ವಾ? ನೀವು ಯಾಕೆ ಹೇಳಲೇ ಇಲ್ಲ?’ ಎಂದು ಕೇಳಿದ್ದಳು. ಉತ್ತರ ಇರಲಿಲ್ಲ.

ಬೇಲಾಪುರದವರಿಗೆ ಊರಿನ ದಾರಿ ಈಗ ಸಲೀಸು. ಕೊಂಕಣ ರೈಲ್ವೆಯ ಕೇಂದ್ರ ಕಚೇರಿ ನಮ್ಮ ಸಿಬಿಡಿಯಲ್ಲೇ ಇದೆ. 1998ರ ಜನವರಿಯಲ್ಲಿ ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರ್ ಹಳಿ ಪೂರ್ತಿ ತೆರೆದುಕೊಳ್ಳುವ ಮೊದಲು ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಿ ಹೋದವರಿಗೆ ಅದರ ಬೆಲೆ ಗೊತ್ತು. ಪನವೇಲ್‌ನಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗಿನ ಜಾವ ಮುರುಡೇಶ್ವರ.

ಅಮ್ಮನಿಗೆ ವಿಷಯ ತಿಳಿಸಿದಾಗ ಒಲೆಯ ಮುಂದೆ ಕೂತವರು ತಿರುಗಲಿಲ್ಲ. ‘ಎಂತಕ್ಕೆ ಬೇಕು ಮಗಾ ಅದೆಲ್ಲ? ಹೋಗುದು ಬೇಡ’ ಎಂದರು. ಮಗಳು ಅಜ್ಜಿಯ ಪಕ್ಕ ಕೂತು ಲೈಫ್ ಜಾಕೆಟ್ ಎಂದರೇನು, ನೀರಿನಲ್ಲಿ ಅದು ಹೇಗೆ ತೇಲಿಸುತ್ತದೆ ಎಂದು ತನ್ನ ಅರ್ಧ ಮರಾಠಿ ಬೆರೆತ ಕನ್ನಡದಲ್ಲಿ ಅರ್ಧ ಗಂಟೆ ವಿವರಿಸಿದಳು. ಅಮ್ಮ ಹೂಂ ಅನ್ನಲಿಲ್ಲ. ಆದರೆ ಮರುದಿನ ನಸುಕಿನಲ್ಲೇ ಎದ್ದು ಅವಲಕ್ಕಿ ಕಲಸಿಟ್ಟಿದ್ದರು.

ಮುರುಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದೂವರೆ ಗಂಟೆ. 123 ಅಡಿಯ ಶಿವನ ಮೂರ್ತಿ ಹಿಂದೆ ಬೆರಳುದ್ದವಾಗಿ, ಆಮೇಲೆ ಇಲ್ಲವಾಯಿತು. ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು. ದೋಣಿ ಓಲಾಡತೊಡಗಿದ ಮೇಲೆ ನುಂಗಿ ಪ್ರಯೋಜನವಿಲ್ಲ ಎಂಬುದನ್ನು ನಾನು ಅನುಭವದಿಂದ ಕಲಿತೆ.

ಹತ್ತಿರ ಹೋದಂತೆ ನೀಲಿ ದಿಬ್ಬ ಕಡಿದಾದ ಬಂಡೆಯಾಯಿತು, ಮೇಲೆ ಹಸಿರು ಕಾಡು. ಬಿಳಿಹೊಟ್ಟೆಯ ಕಡಲ ಹದ್ದೊಂದು ಸುತ್ತುತ್ತಿತ್ತು. ಪಾರಿವಾಳ ದ್ವೀಪ ಎಂಬ ಹೆಸರೂ ಇದಕ್ಕಿದೆ. ಹಿಂದೆ ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸಿದ ಜಾಗ. ಮೀನುಗಾರರು ಹರಕೆಗೆ ಇಲ್ಲಿ ಆಡು ಬಿಡುವುದುಂಟು ಎಂದು ದೋಣಿಯವರು ಮಗಳಿಗೆ ಹೇಳಿದರು. ನಮ್ಮನ್ನು ಮೇಲೆ ಇಳಿಸಲಿಲ್ಲ. ಬಂಡೆಯಿಂದ ದೂರದಲ್ಲೇ ಲಂಗರು ಹಾಕಿದರು.

ಸ್ನಾರ್ಕೆಲಿಂಗ್ ನೋಡಲು ಸುಲಭ. ಕಣ್ಣು ಮೂಗು ಮುಚ್ಚುವ ಮಾಸ್ಕ್, ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ. ಮುಖ ನೀರಿಗೆ, ಉಸಿರು ಬಾಯಿಂದ. ಆದರೆ ಮೂಗಿನಲ್ಲೇ ಉಸಿರಾಡಿ ಅಭ್ಯಾಸವಾದ ದೇಹ ಒಪ್ಪುವುದಿಲ್ಲ. ಇಳಿದ ಎರಡನೇ ನಿಮಿಷಕ್ಕೆ ಮಾಸ್ಕಿನೊಳಗೆ ನೀರು ಬಂತು. ಉಪ್ಪು ಗಂಟಲಿಗಿಳಿಯಿತು. ಜಾಕೆಟ್ ತೇಲಿಸುತ್ತಿದ್ದರೂ ಮುಳುಗಿಯೇ ಹೋದೆ ಅನ್ನಿಸಿತು. ಕಾಣದ ಸೋದರಮಾವ ಕಣ್ಣೆದುರು ಬಂದ. ದೋಣಿಯ ಹಗ್ಗ ಹಿಡಿದು, ‘ಸಾಕು, ನಾನು ಮೇಲೆ ಬರ್ತೇನೆ’ ಎಂದೆ.

ಮಗಳು ಈಜಿ ಬಂದಳು. ‘ಪಪ್ಪಾ, ಮಾಸ್ಕಲ್ಲಿ ಕೂದಲು ಸಿಕ್ಕಿದೆ, ಅದಕ್ಕೇ ನೀರು ಬರ್ತಿದೆ’ ಎಂದು ಸರಿಪಡಿಸಿದಳು. ‘ಕಾಲು ಬಡಿಬೇಡಿ. ನನ್ನ ಕೈ ಹಿಡ್ಕೊಳ್ಳಿ.’ ಎಲ್‌ಕೆಜಿಯ ಮೊದಲ ದಿನ ಗೇಟಿನಲ್ಲಿ ನಾನು ಅವಳಿಗೆ ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತು.

ಮತ್ತೆ ಮುಖ ಮುಳುಗಿಸಿದೆ. ಕೆಳಗೆ ಕತ್ತಲೆ ಇರುತ್ತದೆ ಎಂದುಕೊಂಡೇ ನಲವತ್ತು ವರ್ಷ ಕಳೆದಿದ್ದೆ. ಇರಲಿಲ್ಲ. ಬಿಸಿಲು ಕೋಲುಕೋಲಾಗಿ ಬಂಡೆಯವರೆಗೂ ಇಳಿದಿತ್ತು. ಹವಳಗಳು, ಅವನ್ನು ಕೆರೆಯುವ ಗಿಳಿಮೀನುಗಳು, ಹಳದಿ ಚಿಟ್ಟೆಮೀನುಗಳ ಜೋಡಿ. ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳು ಸೇರಿ ಕಟ್ಟಿದ ಮನೆ. ಮುಟ್ಟಬೇಡಿ, ಮೇಲೆ ಕಾಲಿಡಬೇಡಿ ಎಂದು ಮೊದಲೇ ಎಚ್ಚರಿಸಿದ್ದರು. ನನ್ನ ಕಿವಿಗೆ ಬಿದ್ದದ್ದು ನನ್ನದೇ ಉಸಿರಿನ ಸದ್ದು ಮಾತ್ರ. ಅರ್ಧ ಗಂಟೆ ಮಗಳ ಕೈ ಬಿಡಲಿಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಜಗುಲಿಯಲ್ಲೇ ಕೂತಿದ್ದರು. ಮೊಮ್ಮಗಳ ತಲೆ ಒದ್ದೆಯಿದೆಯೇ ಎಂದು ಮುಟ್ಟಿ ನೋಡಿದರು. ಊಟವಾದ ಮೇಲೆ, ಎಲ್ಲರೂ ಮಲಗಲು ಎದ್ದಾಗ, ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು: ‘ಕೆಳಗೆ ತುಂಬಾ ಕತ್ತಲೆ ಉಂಟಾ ಮಗಾ?’

‘ಇಲ್ಲಮ್ಮ. ಬೆಳಕಿತ್ತು. ಕೆಳಗಿನವರೆಗೂ ಬೆಳಕಿತ್ತು.’

ಅಣ್ಣನ ಹೆಸರನ್ನು ಅಮ್ಮ ಎತ್ತಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತು, ‘ಹೌದಾ’ ಎಂದರು. ಆಮೇಲೆ ದೀಪ ಆರಿಸಲು ಎದ್ದರು.

ಬೇಲಾಪುರಕ್ಕೆ ಮರಳಿ ಈಗ ತಿಂಗಳುಗಳಾದವು. ಭಾನುವಾರ ದಿವಾಳೆಯ ಮೀನು ಮಾರುಕಟ್ಟೆಗೆ ಹೋದಾಗ ಮಗಳು ಒಂದೊಂದು ಮೀನನ್ನೂ ತೋರಿಸಿ ‘ಕನ್ನಡದಲ್ಲಿ ಇದಕ್ಕೇನು?’ ಎನ್ನುತ್ತಾಳೆ. ನನಗೆ ಗೊತ್ತಿಲ್ಲದ್ದಕ್ಕೆ ಅಲ್ಲಿಂದಲೇ ಅಜ್ಜಿಗೆ ಫೋನು. ಅಮ್ಮ ಬಂಗುಡೆ, ನೊಗ್ಲಿ, ಕಾಣೆ ಎಂದು ಹೇಳಿಕೊಡುತ್ತಾರೆ. ಮುಂದಿನ ರಜೆಗೆ ನಾನು ನೆರೂಳಿನ ಕೊಳದಲ್ಲಿ ಹೆಸರು ಹಚ್ಚಿದ್ದೇನೆ, ಮಕ್ಕಳ ಬ್ಯಾಚಿನ ನಂತರದ ಸಮಯಕ್ಕೆ.