ಉಸಿರಾಟದ ಯಂತ್ರಕ್ಕೆ ಯಾವ ನೀರು?

ಎಂ.ಸಿ.ಸಿ. ಬಡಾವಣೆಯ ನಮ್ಮ ಕಚೇರಿಯಿಂದ ಬಡ ರೋಗಿಗಳ ಮನೆಗೆ ಆಮ್ಲಜನಕದ ಕಾನ್ಸಂಟ್ರೇಟರ್‌ಗಳನ್ನು ಎರವಲು ಕೊಡುತ್ತಿರುವುದು ದಾನಿಗಳಿಗೆ ತಿಳಿದೇ ಇದೆ. ಪಡೆದವರಲ್ಲಿ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದ ಹಿರಿಯರೂ ಇದ್ದಾರೆ. ಈ ವರ್ಷ ವಾಪಸು ಬಂದ ಒಂದು ಯಂತ್ರದ ನೀರಿನ ಬಾಟಲಿಯ ತಳದಲ್ಲಿ ಬಿಳಿ ಪದರ ಕಟ್ಟಿತ್ತು. ಒಳಗೋಡೆಗೆ ಲೋಳೆ ಹಿಡಿದಿತ್ತು. ಮನೆಯವರ ತಪ್ಪಲ್ಲ. ಯಾವ ನೀರು ಹಾಕಬೇಕೆಂದು ನಾವೇ ಬಿಡಿಸಿ ಹೇಳಿರಲಿಲ್ಲ.

ಆ ಬಾಟಲಿಯ ಹೆಸರು ಹ್ಯುಮಿಡಿಫೈಯರ್. ಒಣ ಆಮ್ಲಜನಕ ಅದರ ನೀರಿನಲ್ಲಿ ಗುಳ್ಳೆಗುಳ್ಳೆಯಾಗಿ ಹಾದು, ತೇವ ಪಡೆದು ಮೂಗಿಗೆ ಬರುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವವರು ಬಳಸುವ ಸಿಪ್ಯಾಪ್ ಯಂತ್ರದಲ್ಲಾದರೆ ನೀರು ಬೆಚ್ಚಗಾಗಿ ಆವಿಯಾಗುತ್ತದೆ. ನೀರು ಹೋಗುತ್ತದೆ, ಅದರೊಳಗಿನ ಲವಣ ಉಳಿಯುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳ ನೋಡಿದವರಿಗೆ ಇದು ಹೊಸತಲ್ಲ. ಆದ್ದರಿಂದ ನೀರಿನಲ್ಲಿ ಲವಣವೂ ಇರಬಾರದು, ರೋಗಾಣುವೂ ಇರಬಾರದು.

ಗೊಂದಲ ಆಗುವುದು ಇಲ್ಲೇ. ಕುದಿಸಿದರೆ ರೋಗಾಣು ಸಾಯುತ್ತವೆ, ಲವಣ ಹೋಗುವುದಿಲ್ಲ. ಆರ್.ಒ. ಫಿಲ್ಟರ್ ಲವಣವನ್ನು ಬಹಳಷ್ಟು ತೆಗೆಯುತ್ತದೆ, ಆದರೆ ಕ್ಯಾನಿನಲ್ಲಿ ದಿನಗಟ್ಟಲೆ ನಿಂತ ಆ ನೀರು ರೋಗಾಣುರಹಿತವಲ್ಲ. ಅಂಗಡಿಯ ಮಿನರಲ್ ವಾಟರ್ ಕುಡಿಯಲು ಒಳ್ಳೆಯದು, ಅದರಲ್ಲೂ ಲವಣವಿದೆ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಬೇಡವೇ ಬೇಡ. ಅದನ್ನು ಮನುಷ್ಯರ ಉಸಿರಿಗೆಂದು ತಯಾರಿಸಿಲ್ಲ. ಒಬ್ಬ ತಾಯಿ ಶಿಫಾದ ಆಸೆಯಿಂದ ಝಮ್‌ಝಮ್ ಹಾಕಿದ್ದರು. ಅವರ ಭಾವನೆಗೆ ನಮ್ಮ ಗೌರವವಿದೆ, ಆದರೆ ಝಮ್‌ಝಮ್‌ನಲ್ಲಿ ಲವಣಾಂಶ ಹೆಚ್ಚು. ಅದನ್ನು ರೋಗಿಗೆ ಕುಡಿಸಿ, ಬಾಟಲಿಗೆ ಹಾಕಬೇಡಿ.

ಹಾಕಬೇಕಾದದ್ದು ಔಷಧಿ ಅಂಗಡಿಯಲ್ಲಿ ಸಿಗುವ, ಸೀಲ್ ಒಡೆಯದ ಡಿಸ್ಟಿಲ್ಡ್ ವಾಟರ್, ಅಂದರೆ ಆವಿ ಮಾಡಿ ತಣಿಸಿ ಹಿಡಿದ ನೀರು. ಸ್ಟೆರೈಲ್ ವಾಟರ್ ಇನ್ನೂ ಉತ್ತಮ. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ರೋಗ ಹೆಚ್ಚಿದಾಗ ಐ.ಸಿ.ಎಂ.ಆರ್. ಕೊಟ್ಟ ಸಲಹೆಯಲ್ಲೂ ಹ್ಯುಮಿಡಿಫೈಯರ್‌ಗೆ ಶುದ್ಧವಾದ ಸ್ಟೆರೈಲ್ ನೀರನ್ನೇ ಬಳಸಿ ಎಂದಿತ್ತು. ಗಂಟಲಿಗೆ ರಂಧ್ರ ಮಾಡಿ ಕೊಳವೆ ಹಾಕಿದವರಿಗಂತೂ ವೈದ್ಯರು ಹೇಳಿದ್ದನ್ನು ಬಿಟ್ಟು ಬೇರೆ ನೀರು ಬೇಡ.

ರಾತ್ರಿ ನೀರು ಮುಗಿದರೆ? ನೀರಿಲ್ಲವೆಂದು ಆಮ್ಲಜನಕ ನಿಲ್ಲಿಸಬೇಡಿ. ಐದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿದ ನೀರು ಆ ಒಂದು ರಾತ್ರಿಗೆ ನಡೆಯುತ್ತದೆ. ಬೆಳಿಗ್ಗೆ ಅದನ್ನು ಚೆಲ್ಲಿಬಿಡಿ.

ನೀರು ಎಷ್ಟೇ ಒಳ್ಳೆಯದಿರಲಿ, ದಿನವೂ ಬದಲಿಸಬೇಕು. ಉಳಿದ ನೀರಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸದಿಂದಲೇ ಲೋಳೆ ಹಿಡಿಯುವುದು. ಬಾಟಲಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಜಾಲಾಡಿಸಿ, ಒಣಗಿಸಿ, ಎರಡು ಗೆರೆಗಳ ನಡುವೆ ಮಾತ್ರ ತುಂಬಿ. ವಿದ್ಯಾರ್ಥಿವೇತನ ಪಡೆಯುವ ಮಕ್ಕಳಿಗೆ ಒಂದು ಮಾತು: ನೀರಿನ ಬಾಟಲಿಯ ಮೇಲಿನ ಇಂಗ್ಲಿಷ್ ಚೀಟಿಯನ್ನು ದಾದಿಗೆ, ನಾನಿಗೆ ಓದಿ ಹೇಳುವ ಕೆಲಸ ನಿಮ್ಮದು.

ಬಾಟಲಿ ಬಿರುಕು ಬಿಟ್ಟಿದ್ದರೆ ಕಚೇರಿಗೆ ತನ್ನಿ, ಬೇರೆ ಕೊಡುತ್ತೇವೆ.