ಇಳಿದದ್ದು ತೂಕ, ಬೊಜ್ಜಲ್ಲ

ಮನೆಯಲ್ಲಿ ಮದುವೆ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಏಳು ದಿನದ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ಮೊದಲ ದಿನ ಬಾಳೆಹಣ್ಣು ಬಿಟ್ಟು ಬೇರೆ ಹಣ್ಣು ಮಾತ್ರ, ಎರಡನೇ ದಿನ ತರಕಾರಿ ಮಾತ್ರ, ಮೂರನೇ ದಿನ ಎರಡೂ, ನಾಲ್ಕನೇ ದಿನ ಬಾಳೆಹಣ್ಣು ಮತ್ತು ಹಾಲು, ಕೊನೆಯ ಮೂರು ದಿನ ಟೊಮೆಟೊ, ತರಕಾರಿ, ಮಾಂಸ ಅಥವಾ ಪನೀರು, ಪಾಲಿಶ್ ಮಾಡದ ಅಕ್ಕಿಯ ಒಂದಿಷ್ಟು ಅನ್ನ. ಇದೇ ಜಿಎಂ ಡಯಟ್. ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ 1985ರಲ್ಲಿ ತನ್ನ ನೌಕರರಿಗಾಗಿ ಮಾಡಿಸಿದ್ದು, ಅಲ್ಲಿನ ಸರ್ಕಾರಿ ಇಲಾಖೆಗಳೇ ಒಪ್ಪಿದ್ದು ಎಂಬ ಮಾತೂ ಪಟ್ಟಿಯ ಜೊತೆಗೇ ಬರುತ್ತದೆ. ಆ ಮಾತಿಗೆ ಯಾವ ಆಧಾರವೂ ಸಿಕ್ಕಿಲ್ಲ. ಆದರೂ ಪಟ್ಟಿ ವರ್ಷಗಳಿಂದ ಉಳಿದುಕೊಂಡಿದೆ, ಏಕೆಂದರೆ ಅದನ್ನು ಪಾಲಿಸಿದವರ ತೂಕ ನಿಜವಾಗಿಯೂ ಇಳಿಯುತ್ತದೆ. ಕಣ್ಣಾರೆ ಕಂಡದ್ದನ್ನು ಸುಳ್ಳೆನ್ನುವುದು ಹೇಗೆ?

ಸುಳ್ಳಲ್ಲ. ಇಳಿದದ್ದು ಏನು ಎಂದು ಕೇಳಿಕೊಳ್ಳಬೇಕು, ಅಷ್ಟೆ.

“ಏಳು ದಿನಕ್ಕೆ ಐದು ಕೆ.ಜಿ. ಕರಗಿತು”

ಒಂದು ಕೆ.ಜಿ. ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 2,000 ಕ್ಯಾಲೊರಿ ಖರ್ಚು ಮಾಡುವವರು ವಾರವಿಡೀ ನೀರು ಬಿಟ್ಟು ಬೇರೇನೂ ಮುಟ್ಟದಿದ್ದರೂ ಖರ್ಚಾಗುವುದು 14,000. ಅದರಲ್ಲಿ ಎರಡು ಕೆ.ಜಿ. ಬೊಜ್ಜೂ ಪೂರ್ತಿ ಕರಗದು. ಹಾಗಾದರೆ ತಕ್ಕಡಿ ತೋರಿಸಿದ ಐದು ಕೆ.ಜಿ. ಯಾವುದು?

ನಮ್ಮ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ನಾನೂರು, ಐನೂರು ಗ್ರಾಂ ಗ್ಲೈಕೋಜನ್ ದಾಸ್ತಾನು ಇರುತ್ತದೆ. ಉಂಡ ಅನ್ನ, ರೊಟ್ಟಿಯಿಂದ ದೇಹ ಎತ್ತಿಟ್ಟುಕೊಂಡ ಸಕ್ಕರೆ ಅದು. ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದ ಕೆಲವೇ ದಿನಗಳಲ್ಲಿ ಈ ದಾಸ್ತಾನಿನ ಬಹುಪಾಲು ಖಾಲಿಯಾಗುತ್ತದೆ, ಜೊತೆಗಿದ್ದ ನೀರು ಮೂತ್ರವಾಗಿ ಹೋಗುತ್ತದೆ. ಉಪ್ಪು ಕಡಿಮೆಯಾದ್ದರಿಂದ ಇನ್ನಷ್ಟು ನೀರು ಹೋಗುತ್ತದೆ. ಕರುಳಿನಲ್ಲಿರುತ್ತಿದ್ದ ಆಹಾರದ ತೂಕವೂ ತಗ್ಗುತ್ತದೆ. ಮದುವೆ ಮುಗಿದು ಮೂರ್ನಾಲ್ಕು ದಿನ ಎಂದಿನಂತೆ ಉಂಡರೆ ದಾಸ್ತಾನು ಮತ್ತೆ ತುಂಬುತ್ತದೆ, ನೀರೂ ವಾಪಸು ಬರುತ್ತದೆ.

ನೀರು ಹೋಗಿ ಬಂದರೆ ದೊಡ್ಡ ನಷ್ಟವೇನಿಲ್ಲ. ನನಗೆ ಕಳವಳವಿರುವುದು ಸ್ನಾಯುವಿನ ಬಗ್ಗೆ. ಜಿಎಂ ಡಯಟ್‌ನ ಮೊದಲ ಮೂರು ದಿನ ಪ್ರೋಟೀನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆಗ ದೇಹ ತನ್ನದೇ ಸ್ನಾಯುಗಳನ್ನು ಒಡೆದು ಬಳಸಿಕೊಳ್ಳುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿದರೆ, ಅದರಲ್ಲೂ ನಲವತ್ತು ದಾಟಿದವರಲ್ಲಿ, ವ್ಯಾಯಾಮವಿಲ್ಲದವರಲ್ಲಿ, ಇಳಿಯುವಾಗ ಸ್ನಾಯುವೂ ಹೋಗಿ, ಏರುವಾಗ ಬೊಜ್ಜೇ ಹೆಚ್ಚಾಗಿ ಸೇರುವ ಸಾಧ್ಯತೆ ಇದೆ. ಎರಡು ಮೂರು ತಿಂಗಳ ಮೇಲೆ ಕೂದಲು ಗೊಂಚಲು ಗೊಂಚಲಾಗಿ ಉದುರತೊಡಗಿದಾಗ ಅದಕ್ಕೂ ಹಿಂದೆ ಮಾಡಿದ ಡಯಟ್‌ಗೂ ಸಂಬಂಧವಿದೆ ಎಂಬುದು ಎಷ್ಟೋ ಹೆಣ್ಣುಮಕ್ಕಳಿಗೆ ಹೊಳೆಯುವುದೇ ಇಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಇದು ಸಣ್ಣ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ತೂಕ ಹೆಚ್ಚು, ಸುಮಾರು ಶೇ 48ರಷ್ಟು ಮಂದಿಗೆ ರಕ್ತಹೀನತೆ. ಮೈ ತುಂಬಿಕೊಂಡು ಕಂಡರೂ ರಕ್ತದಲ್ಲಿ ಕಬ್ಬಿಣಾಂಶ ಇಲ್ಲದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅಂಥವರಿಗೆ ದಿನಗಟ್ಟಲೆ ಕಲ್ಲಂಗಡಿ, ಸೌತೆಕಾಯಿ ತಿಂದುಕೊಂಡಿರಿ ಎನ್ನುವ ಪಟ್ಟಿಯನ್ನು ಕಳಿಸುವ ಮೊದಲು ದಯವಿಟ್ಟು ಒಂದು ಗಳಿಗೆ ಯೋಚಿಸಿ.

“ಅನ್ನ ಬಿಟ್ಟು ಮುದ್ದೆಗೆ ಬಂದರೆ ಸಾಕು”

ರಾಗಿಯ ಮೇಲಿನ ಪ್ರೀತಿ ನನಗೂ ಇದೆ, ಅದಕ್ಕೆ ಕಾರಣವೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಎಂದಿದೆ. ಬಿಳಿ ಅಕ್ಕಿಯಲ್ಲಿ ನಾರು ಮೂರು ಗ್ರಾಂಗೂ ಕಡಿಮೆ. ಆದರೆ ಕ್ಯಾಲೊರಿಯ ಸಾಲು ನೋಡಿ: ರಾಗಿಗೆ ಸುಮಾರು 320, ಅಕ್ಕಿಗೆ ಸುಮಾರು 356. ವ್ಯತ್ಯಾಸ ಇಷ್ಟೇ. ಎರಡು ದೊಡ್ಡ ಮುದ್ದೆ ಉಂಡು, ಮೇಲೆ ಅನ್ನ ಸಾರು ಕಲಸಿ, ಕೊನೆಗೆ ಮೊಸರನ್ನ ಮಾಡಿದರೆ ರಾಗಿ ಏನು ಮಾಡಲಾದೀತು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಇಂಡಿಯಾಬ್ ಅಧ್ಯಯನ 2025ರಲ್ಲಿ ಹೊರಗೆಡವಿದ್ದೂ ಇದನ್ನೇ. ನಮ್ಮ ಜನ ದಿನದ ಕ್ಯಾಲೊರಿಯಲ್ಲಿ ಸುಮಾರು ಶೇ 62ರಷ್ಟನ್ನು ಕಾರ್ಬೊಹೈಡ್ರೇಟ್‌ನಿಂದಲೇ ಪಡೆಯುತ್ತಾರೆ. ಅದರ ಒಟ್ಟು ಪ್ರಮಾಣ ಇಳಿಸದೆ, ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದರೆ ಮಧುಮೇಹದ ಅಪಾಯ ತಗ್ಗಿದ್ದು ಕಾಣಲಿಲ್ಲ. ಅದರಲ್ಲಿ ಸ್ವಲ್ಪ ಭಾಗವನ್ನು ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮೀನಿನ ಪ್ರೋಟೀನ್‌ಗೆ ಬಿಟ್ಟುಕೊಟ್ಟರೆ ಅಪಾಯ ಕಡಿಮೆಯಾಗುತ್ತದೆ ಎಂಬ ಸೂಚನೆ ಸಿಕ್ಕಿತು. ಅಂದರೆ ಮುದ್ದೆ ಸಣ್ಣದಾಗಬೇಕು, ಬಸ್ಸಾರಿನ ಜೊತೆಗೆ ಬರುವ ಕಾಳು ಸೊಪ್ಪಿನ ಪಲ್ಯ ತಟ್ಟೆಯಲ್ಲಿ ದೊಡ್ಡದಾಗಬೇಕು. ಹುರುಳಿಕಾಳು, ಹೆಸರುಕಾಳು, ಅವರೆಕಾಳು, ಜೋಳದ ರೊಟ್ಟಿಯ ಜೊತೆಗಿನ ಝುಣಕ, ಕರಾವಳಿಯ ಬಂಗುಡೆ, ಇವೆಲ್ಲ ಇರುವ ನಾಡಿನಲ್ಲಿ ತೂಕ ಇಳಿಸಲೆಂದು ದುಬಾರಿ ಪ್ರೋಟೀನ್ ಡಬ್ಬಿ ಕೊಳ್ಳುವುದು ಹೆಚ್ಚಿನವರಿಗೆ ಬೇಕಿಲ್ಲ.

“ಕೀಟೋ ಮಾಡಿ, ಇಲ್ಲ ಹದಿನಾರು ಗಂಟೆ ಉಪವಾಸ ಮಾಡಿ”

ಕೀಟೋ ಹುಟ್ಟಿದ್ದು ತೂಕ ಇಳಿಸಲಿಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಅದನ್ನು ಮೂರ್ಛೆರೋಗಕ್ಕೆಂದು ಮುಂದಿಟ್ಟರು. ಔಷಧಕ್ಕೆ ಬಗ್ಗದ ಮೂರ್ಛೆ ಇರುವ ಮಕ್ಕಳಿಗೆ ವೈದ್ಯರ ಕಣ್ಗಾವಲಿನಲ್ಲಿ ಇಂದಿಗೂ ಅದು ನೆರವಾಗುತ್ತಿದೆ. ಕೊಬ್ಬು ಹೆಚ್ಚು, ಅನ್ನ ರೊಟ್ಟಿ ಕಡಿಮೆ ಎಂಬ ದಾರಿ ತೂಕಕ್ಕೆ ಮೇಲೋ ಎಂಬುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 609 ಮಂದಿಯನ್ನು ಎರಡು ಗುಂಪು ಮಾಡಿ ಒಂದು ವರ್ಷ ಪರೀಕ್ಷಿಸಿತು. 2018ರಲ್ಲಿ ಬಂದ ಫಲಿತಾಂಶ: ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ., ಕಾರ್ಬೊಹೈಡ್ರೇಟ್ ಕಡಿಮೆ ಮಾಡಿದವರು 6 ಕೆ.ಜಿ. ಇಳಿದಿದ್ದರು. ಗಣನೀಯ ವ್ಯತ್ಯಾಸವಿಲ್ಲ. ಆದರೆ ಎರಡೂ ಗುಂಪಿನೊಳಗೆ ಸುಮಾರು 30 ಕೆ.ಜಿ. ಇಳಿದವರೂ ಇದ್ದರು, 10 ಕೆ.ಜಿ. ಏರಿದವರೂ ಇದ್ದರು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಲಿಲ್ಲ. ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚಿಸಿ ಎಂಬ ಸಲಹೆ ಮಾತ್ರ ಎರಡೂ ಕಡೆ ಒಂದೇ ಆಗಿತ್ತು.

ಗಂಟೆ ನೋಡಿ ಉಣ್ಣುವ ಉಪವಾಸದ ಕಥೆಯೂ ಇದೇ. ಚೀನಾದ ಗ್ವಾಂಗ್‌ಝೌನಲ್ಲಿ 139 ಮಂದಿಗೆ ಒಂದೇ ಮಿತಿಯ ಕ್ಯಾಲೊರಿ ಕೊಟ್ಟು, ಅರ್ಧ ಜನಕ್ಕೆ ಮಾತ್ರ ಎಂಟು ಗಂಟೆಯ ಒಳಗೇ ತಿನ್ನಿ ಎಂದರು. ವರ್ಷದ ಕೊನೆಗೆ ಎರಡೂ ಗುಂಪಿನ ತೂಕ ಇಳಿದಿತ್ತು, ಗಂಟೆಯ ಕಟ್ಟುಪಾಡಿನಿಂದ ಗಣನೀಯ ಲಾಭವೇನೂ ಆಗಿರಲಿಲ್ಲ. ರಾತ್ರಿ ಹತ್ತಕ್ಕೆ ಕುರುಕಲು ತಿನ್ನುವ ಅಭ್ಯಾಸ ಬಿಡಲು ಗಂಟೆಯ ನಿಯಮ ಸಹಾಯ ಮಾಡಿದರೆ ಸಂತೋಷ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೊಟ್ಟೆ ಖಾಲಿ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಹೊಸ ಬಗೆಯ ಮಾತ್ರೆಗಳ ಜೊತೆ ಕೀಟೋ ಮಾಡಿದರೆ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರಬೇಕಾದೀತು.

“ಬೆಳಿಗ್ಗೆ ಬಿಸಿನೀರಿಗೆ ನಿಂಬೆ, ಜೇನುತುಪ್ಪ”

ಬಿಸಿನೀರು ಬೊಜ್ಜನ್ನು ಕರಗಿಸುವುದಿಲ್ಲ. ದೊಡ್ಡ ಚಮಚ ಜೇನುತುಪ್ಪದಲ್ಲಿ ಸುಮಾರು 60 ಕ್ಯಾಲೊರಿ ಇದೆ. ಬೆಲ್ಲವೂ ಸಕ್ಕರೆಯೂ ಗ್ರಾಂಗೆ ಹೆಚ್ಚುಕಡಿಮೆ ನಾಲ್ಕು ಕ್ಯಾಲೊರಿಯವೇ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಬೊಜ್ಜನ್ನೇ ಆರಿಸಿ ಕರಗಿಸಲೂ ಬರುವುದಿಲ್ಲ.

“ಮನಸ್ಸು ಗಟ್ಟಿ ಇಲ್ಲದವರಿಗೆ ತೂಕ ವಾಪಸು ಬರುತ್ತೆ”

ಈ ಮಾತು ಎಷ್ಟು ಜನರ ಮನಸ್ಸು ನೋಯಿಸಿದೆಯೋ. ಇದು ಸುಳ್ಳೆಂದು ತೋರಿಸುವ ಒಂದು ಪರೀಕ್ಷೆ ಮೆಲ್ಬರ್ನ್‌ನಲ್ಲಿ ನಡೆಯಿತು. ಐವತ್ತು ಮಂದಿಗೆ ಹತ್ತು ವಾರ ತೀರಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು, ಸರಾಸರಿ ಹದಿಮೂರೂವರೆ ಕೆ.ಜಿ. ಇಳಿಯಿತು. ಹಸಿವು ತಗ್ಗಿಸಲು ಮಿದುಳಿಗೆ ಸೂಚಿಸುವ ಲೆಪ್ಟಿನ್ ಹಾರ್ಮೋನು ಕುಸಿಯಿತು, ಹಸಿವು ಕೆರಳಿಸುವ ಗ್ರೆಲಿನ್ ಏರಿತು. ಒಂದು ವರ್ಷ ಕಳೆದ ಮೇಲೂ ಅವು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ಮೊದಲಿಗಿಂತ ಜಾಸ್ತಿಯೇ ಇತ್ತು. 2011ರಲ್ಲಿ ಈ ವರದಿ ಬಂತು. ತೂಕ ಇಳಿದವರೊಳಗೆ ದೇಹ ಬರಗಾಲ ಬಂತೆಂದು ಹೆದರಿ ಕೂತಿರುತ್ತದೆ. ಹೊರಗಿನವರು ಅವರನ್ನು ಸೋಮಾರಿ ಎನ್ನುತ್ತಾರೆ.

ನಿಧಾನವಾಗಿ ಇಳಿದರೆ ಉಳಿಯುತ್ತದೆ ಎಂಬ ಸಲಹೆಯೂ ಪೂರ್ತಿ ನಿಜವಲ್ಲ ಎಂದು ಇಲ್ಲಿ ಹೇಳಲೇಬೇಕು. ಅದೇ ಮೆಲ್ಬರ್ನ್‌ನಲ್ಲಿ 204 ಮಂದಿಯಲ್ಲಿ ಕೆಲವರನ್ನು ಹನ್ನೆರಡು ವಾರದಲ್ಲಿ, ಉಳಿದವರನ್ನು ಮೂವತ್ತಾರು ವಾರದಲ್ಲಿ ಇಳಿಸಿ ನೋಡಿದರು. ಸುಮಾರು ಮೂರು ವರ್ಷದ ಹೊತ್ತಿಗೆ ಎರಡೂ ಗುಂಪಿನವರು ಕಳೆದುಕೊಂಡ ತೂಕದಲ್ಲಿ ಶೇ 71ರಷ್ಟನ್ನು ಮರಳಿ ಪಡೆದಿದ್ದರು. ಇಳಿಸುವ ವೇಗಕ್ಕಿಂತ ಇಳಿದ ಮೇಲಿನ ವರ್ಷಗಳ ಊಟ ಮುಖ್ಯ. ಅತ್ತೆ ಮಾವ, ಮಕ್ಕಳು ಉಣ್ಣುವ ಅಡುಗೆ ಬೇರೆ, ತನ್ನದು ಬೇರೆ ಎಂದು ಎರಡು ಒಲೆ ಹಚ್ಚುವ ಹೆಣ್ಣುಮಗಳು ಎಷ್ಟು ತಿಂಗಳು ಹಾಗೆ ನಡೆಸಿಯಾಳು? ಅಡುಗೆ ಎಲ್ಲರದೂ ಒಂದೇ ಆಗಿ, ಅದೇ ಸ್ವಲ್ಪ ಬದಲಾಗಬೇಕು.

ಬದಲಾವಣೆಗೆ ನಾನು ಮೊದಲು ತೋರಿಸುವುದು ಎಣ್ಣೆಯನ್ನು. ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನದೂಟಕ್ಕೆ ಎಣ್ಣೆ ತುಪ್ಪ ಸೇರಿ 27 ಗ್ರಾಂ ಸಾಕು ಎಂದಿದೆ, ತರಕಾರಿ 400 ಗ್ರಾಂ ಇರಲಿ ಎಂದಿದೆ. ನಾಲ್ಕು ಜನ ದೊಡ್ಡವರ ಮನೆಗೆ ತಿಂಗಳಿಗೆ ಎಣ್ಣೆ ತುಪ್ಪ ಎಲ್ಲ ಸೇರಿ ಸುಮಾರು ಮೂರೂಕಾಲು ಕೆ.ಜಿ. ಆಯಿತು. ನಿಮ್ಮ ಮನೆಯ ದಿನಸಿ ಚೀಟಿ ತೆಗೆದು ಒಮ್ಮೆ ಹೋಲಿಸಿ. ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ, ಅದು ಕಡಲೆಕಾಯಿ ಎಣ್ಣೆಯಾಗಲಿ, ಗಾಣದ ಕೊಬ್ಬರಿ ಎಣ್ಣೆಯಾಗಲಿ. ಒಗ್ಗರಣೆ ಬಿಡಿ ಎನ್ನುತ್ತಿಲ್ಲ, ಸೌಟಿನಲ್ಲಿ ಸುರಿಯುವ ಬದಲು ಚಮಚದಲ್ಲಿ ಅಳೆಯಿರಿ.

ತಕ್ಕಡಿಗಿಂತ ಅಳತೆ ಪಟ್ಟಿ ನಮಗೆ ಹೆಚ್ಚು ನಿಜ ಹೇಳುತ್ತದೆ. ಕೈಕಾಲು ಸಣ್ಣ, ಹೊಟ್ಟೆ ಮುಂದೆ ಎಂಬ ಮೈಕಟ್ಟು ಭಾರತೀಯರಲ್ಲಿ ಸಾಮಾನ್ಯ. ಹಾಗಾಗಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಎಂದು ವೈದ್ಯರು ಹೇಳುತ್ತಾರೆ. ತಕ್ಕಡಿ ಅಲ್ಲಾಡದ ತಿಂಗಳುಗಳಲ್ಲಿ ನಿರಾಶರಾಗುವವರು ಚೆನ್ನೈನ ಡಾ. ಎ. ರಾಮಚಂದ್ರನ್ ತಂಡದ ಕೆಲಸವನ್ನು ತಿಳಿದಿರಬೇಕು. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯಲ್ಲಿ ಒಂದು ಗುಂಪಿಗೆ ಅವರು ಹೇಳಿದ್ದು ಇಷ್ಟು: ದಿನಕ್ಕೆ ಕನಿಷ್ಠ ಅರ್ಧ ಗಂಟೆ ಬಿರುಸಿನ ನಡಿಗೆ, ಸಕ್ಕರೆ ಬೇಡ, ಎಣ್ಣೆ ಮತ್ತು ಮೈದಾ ಬಗೆಯ ನಯವಾದ ಹಿಟ್ಟು ಕಡಿಮೆ, ನಾರಿನಂಶ ಹೆಚ್ಚು. 2006ರಲ್ಲಿ ಫಲಿತಾಂಶ ಪ್ರಕಟವಾದಾಗ, ಏನೂ ಬದಲಾಯಿಸದ ಗುಂಪಿಗಿಂತ ಇವರಲ್ಲಿ ಮಧುಮೇಹ ಬರುವ ಪ್ರಮಾಣ ಶೇ 28.5ರಷ್ಟು ಕಡಿಮೆಯಾಗಿತ್ತು. ಅಷ್ಟೂ ಕಾಲ ಅವರ ಸರಾಸರಿ ತೂಕ ಹೆಚ್ಚೇನೂ ಇಳಿದಿರಲಿಲ್ಲ.